ಅಗೆಯುವುದೋ, ಪೇರಿಸುವುದೋ?

1938ರಲ್ಲಿ ಕೊರಿಯಾದ ದೇಗು ನಗರದಲ್ಲಿ ಲೀ ಬ್ಯುಂಗ್-ಚುಲ್ ತೆರೆದ ವ್ಯಾಪಾರ ಮಳಿಗೆಯ ಸರಕು ಒಣಮೀನು, ತರಕಾರಿ, ನೂಡಲ್ಸ್. ಹೆಸರು ಸ್ಯಾಮ್‌ಸಂಗ್. 1953ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಮರುವರ್ಷ ಉಣ್ಣೆ ಗಿರಣಿ, ಆಮೇಲೆ ವಿಮೆ, ರಸಗೊಬ್ಬರ. ಎಲೆಕ್ಟ್ರಾನಿಕ್ಸ್‌ಗೆ ಕೈಹಾಕಿದ್ದು 1969ರಲ್ಲಿ. ಅಷ್ಟರಲ್ಲಿ ತಡವಾಗಿತ್ತು, ಇಂದಿನ ಎಲ್‌ಜಿಯ ಪೂರ್ವಜ ಗೋಲ್ಡ್‌ಸ್ಟಾರ್ ಹತ್ತು ವರ್ಷ ಮೊದಲೇ ರೇಡಿಯೊ ಮಾಡಿ ಮಾರಿತ್ತು. ಜಪಾನಿನ ಸಾನ್ಯೊ ಜತೆ ಕೈಜೋಡಿಸಿ ಕಪ್ಪು-ಬಿಳುಪು ಟೀವಿ ಜೋಡಿಸುವುದರಿಂದ ಸ್ಯಾಮ್‌ಸಂಗ್ ಶುರುಮಾಡಿತು.

ಟೀವಿ ಜೋಡಿಸುವುದು ಬೇರೆ, ಚಿಪ್ ಮಾಡುವುದೇ ಬೇರೆ. 1974ರಲ್ಲಿ ಮಗ ಲೀ ಕುನ್-ಹೀ ಒತ್ತಾಸೆಯಿಂದ, ಹಣವಿಲ್ಲದೆ ಒದ್ದಾಡುತ್ತಿದ್ದ ಕೊರಿಯಾ ಸೆಮಿಕಂಡಕ್ಟರ್ ಕಂಪನಿಯ ಅರ್ಧ ಪಾಲನ್ನು ಕೊಂಡರು. ನಿಜವಾದ ಪಣ ಕಟ್ಟಿದ್ದು ಮಾತ್ರ 1983ರ ಫೆಬ್ರುವರಿಯಲ್ಲಿ. ಟೋಕಿಯೊದಲ್ಲಿದ್ದ ಅಪ್ಪ ಡಿರ್‍ಯಾಮ್ ಮೆಮೊರಿ ಚಿಪ್ (ಕಂಪ್ಯೂಟರಿನ ತಾತ್ಕಾಲಿಕ ನೆನಪು) ತಯಾರಿಸುವುದಾಗಿ ಸಾರಿದರು. ಅಮೆರಿಕದ ಮೈಕ್ರಾನ್‌ನಿಂದ ವಿನ್ಯಾಸದ ಪರವಾನಗಿ ಪಡೆದು ಅದೇ ವರ್ಷದ ಕೊನೆಗೆ 64ಕೆ, ಅಂದರೆ ಸುಮಾರು 65 ಸಾವಿರ ಬಿಟ್ (1 ಅಥವಾ 0) ಹಿಡಿಸುವ ಚಿಪ್ ಮಾಡಿಯೂ ಬಿಟ್ಟರು.

ಮಾರುವ ಹೊತ್ತಿಗೆ ಬೆಲೆ ಪಾತಾಳ ಕಂಡಿತ್ತು. 1985ರಲ್ಲಿ ಇಂಟೆಲ್‌ನಂಥ ಇಂಟೆಲ್ಲೇ ಡಿರ್‍ಯಾಮ್ ಕೈಬಿಟ್ಟಿತು. ಸ್ಯಾಮ್‌ಸಂಗ್ ನಷ್ಟ ನುಂಗುತ್ತ ಕಾರ್ಖಾನೆ ಕಟ್ಟುತ್ತಲೇ ಹೋಯಿತು. ಇದನ್ನು ಬರೀ ಛಲ ಎಂದು ಹೊಗಳುವವರಿದ್ದಾರೆ. ನನಗೆ ಕಾಣುವುದು ಬೆನ್ನಿಗಿದ್ದ ಸಮೂಹದ ಗಂಟು. ಚಿಪ್ ಒಂದನ್ನೇ ನಂಬಿದ್ದ ಕಂಪನಿಗೆ ಅಷ್ಟು ವರ್ಷ ಉಸಿರು ಹಿಡಿಯಲು ಆಗುತ್ತಿರಲಿಲ್ಲ. 1986ರ ಅಮೆರಿಕ-ಜಪಾನ್ ಚಿಪ್ ಒಪ್ಪಂದ ತೀರಾ ಅಗ್ಗಕ್ಕೆ ಮಾರದಂತೆ ಜಪಾನೀಯರ ಕೈಕಟ್ಟಿದ್ದೂ ಕೊರಿಯಾದ ಅದೃಷ್ಟ.

ಇನ್ನು ವಿಜ್ಞಾನದ ಸಂಗತಿ. ಡಿರ್‍ಯಾಮ್‌ನ ಒಂದೊಂದು ಕೋಶದಲ್ಲೂ ಸ್ವಿಚ್‌ನಂತೆ ಕೆಲಸ ಮಾಡುವ ಒಂದು ಟ್ರಾನ್ಸಿಸ್ಟರ್, ಆವೇಶ ಹಿಡಿದಿಡುವ ಒಂದು ಕೆಪಾಸಿಟರ್ ಇರುತ್ತವೆ. ಕೆಪಾಸಿಟರ್‌ನಲ್ಲಿ ವಿದ್ಯುದಾವೇಶ ಇದ್ದರೆ 1, ಇಲ್ಲದಿದ್ದರೆ 0. ಅದು ಸೋರುವ ಕೊಡ. ಸೆಕೆಂಡಿನ ಸಣ್ಣ ಪಾಲಿನೊಳಗೆ ಮತ್ತೆ ತುಂಬದಿದ್ದರೆ ನೆನಪು ಅಳಿಯುತ್ತದೆ. ಕೋಶವನ್ನು ಎಷ್ಟೇ ಕಿರಿದು ಮಾಡಿದರೂ ಆವೇಶವನ್ನು ಹೆಚ್ಚು ಇಳಿಸುವಂತಿಲ್ಲ. ಇಳಿಸಿದರೆ ಸರ್ಕ್ಯೂಟ್‌ಗೆ 1 ಯಾವುದು, 0 ಯಾವುದು ಎಂದು ಗೊತ್ತಾಗುವುದಿಲ್ಲ. ವಿಕಿರಣದ ದಾರಿಹೋಕ ಆಲ್ಫಾ ಕಣವೊಂದೇ ಸಾಕು, ಬಿಟ್ ತಿರುವುಮುರುವಾಗಲು. ಆವೇಶ ಹೆಚ್ಚು ಹಿಡಿಸಬೇಕಾದರೆ ಕೆಪಾಸಿಟರ್‌ನ ಮೇಲ್ಮೈ ವಿಸ್ತಾರವಾಗಬೇಕು, ಆದರೆ ಚಿಪ್ ಮೇಲೆ ಜಾಗವಿಲ್ಲ.

4 ಮೆಗಾಬಿಟ್ (ಸುಮಾರು 42 ಲಕ್ಷ ಬಿಟ್) ಚಿಪ್‌ನ ಹಂತದಲ್ಲಿ ಎರಡು ದಾರಿ ಉಳಿದವು: ಸಿಲಿಕಾನ್‌ನೊಳಗೆ ಆಳ ಗುಂಡಿ ಕೊರೆದು ಅದರ ಗೋಡೆಯನ್ನೇ ಕೆಪಾಸಿಟರ್ ಮಾಡುವುದು, ಇಲ್ಲವೇ ಮೇಲಕ್ಕೆ ಪದರ ಪೇರಿಸುವುದು. ತೋಷಿಬಾ ಅಗೆಯಲು ಹೊರಟಿತು. ಸ್ಯಾಮ್‌ಸಂಗ್‌ನ ಎಂಜಿನಿಯರುಗಳು ಒಮ್ಮತಕ್ಕೆ ಬರಲಿಲ್ಲ. 1987ರ ಕೊನೆಗೆ ತಂದೆ ತೀರಿಕೊಂಡ ಮೇಲೆ ಅಧ್ಯಕ್ಷರಾಗಿದ್ದ ಲೀ ಕುನ್-ಹೀ ಪೇರಿಸುವುದನ್ನೇ ಆರಿಸಿದರು. ತರ್ಕ ಸರಳ: ಕೆಳಕ್ಕೆ ಅಗೆಯುವುದಕ್ಕಿಂತ ಮೇಲಕ್ಕೆ ಕಟ್ಟುವುದು ಸಲೀಸು. ಗುಂಡಿಯ ತಳದಲ್ಲಿ ಏನು ಕೆಟ್ಟಿದೆಯೆಂದು ನೋಡುವುದೂ ಕಷ್ಟ, ಸರಿಪಡಿಸುವುದೂ ಕಷ್ಟ.

ಎಂಜಿನಿಯರ್ ಅಲ್ಲದ ಮಾಲೀಕ ಅಡ್ಡಗೋಡೆಯ ಮೇಲೆ ದೀಪವಿಡದೆ ಒಂದು ಕಡೆ ನಿಂತದ್ದು ಫಲ ಕೊಟ್ಟಿತು. ಪೇರಿಸುವ ವಿಧಾನವೇ ಮುಂದೆ ಉದ್ಯಮದ ರೂಢಿಯಾಯಿತು. 1992ರಲ್ಲಿ ಸ್ಯಾಮ್‌ಸಂಗ್ ಎಲ್ಲರಿಗಿಂತ ಮೊದಲು 64 ಮೆಗಾಬಿಟ್ ಡಿರ್‍ಯಾಮ್ ರೂಪಿಸಿತು, ಸುಮಾರು ಒಂಬತ್ತು ವರ್ಷದ ಹಿಂದಿನ ತನ್ನದೇ ಮೊದಲ ಚಿಪ್‌ನ ಸಾಮರ್ಥ್ಯದ 1,024 ಪಟ್ಟು.