ಚಳಿಗೆ ಗಿಡ್ಡವಾಗುವ ಗೂಡ್ಸ್ ರೈಲು: ಕೆನಡಾದ ಪ್ರೇರಿ ಮಾರ್ಗದ ಒಂದು ಟಿಪ್ಪಣಿ

ಪ್ರೇರಿ ಎಂದರೆ ವಿಶಾಲ ಹುಲ್ಲುಗಾವಲಿನ ಬಯಲು. ಅಂಥ ಬಯಲಿರುವ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ನಕ್ಷೆ ನೋಡಿದರೆ, ರೈಲು ಓಡಿಸಲು ಇದಕ್ಕಿಂತ ಸಲೀಸಾದ ನೆಲ ಸಿಗಲಾರದು ಎನ್ನಿಸುತ್ತದೆ. ರೆಜೈನಾ, ಮೂಸ್ ಜಾ, ಸ್ವಿಫ್ಟ್ ಕರೆಂಟ್ ಊರುಗಳನ್ನು ಹಾದು ಪಶ್ಚಿಮಕ್ಕೆ ಸಾಗುವ ಕೆನಡಿಯನ್ ಪೆಸಿಫಿಕ್ ಕಂಪನಿಯ (2023ರಿಂದ ಸಿಪಿಕೆಸಿ) ಮಾರ್ಗಕ್ಕೆ ಇಲ್ಲಿ ಘಟ್ಟದ ಕಾಟವಿಲ್ಲ. ಆದರೂ ಜನವರಿಯ ಗೋಧಿ ರೈಲು ಜುಲೈ ತಿಂಗಳಿನದಕ್ಕಿಂತ ಗಿಡ್ಡ. ಉಷ್ಣಾಂಶ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕಂಪನಿಯೇ ವ್ಯಾಗನ್‌ಗಳನ್ನು ಕಡಿಮೆ ಮಾಡುತ್ತದೆ. ಇದಕ್ಕೆ ಕಾರಣ ಎಂಜಿನ್ನಿನ ಬಲವಲ್ಲ, ಬ್ರೇಕಿಗೆ ಬೇಕಾದ ಗಾಳಿ.

ಬಲದ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಧಾನ್ಯ ತುಂಬಿದ ನಾಲ್ಕು ಅಚ್ಚಿನ ಹಾಪರ್ (ಅಡಿಯಿಂದ ಸರಕು ಸುರಿಯುವ) ವ್ಯಾಗನ್ ಸುಮಾರು 130 ಟನ್ ತೂಗುತ್ತದೆ. ಅಂಥ 120 ವ್ಯಾಗನ್ ಎಂದರೆ 15,600 ಟನ್. ಈ ಕಂಪನಿ 1995ರಿಂದ ತರಿಸಿಕೊಂಡ ಎಸಿ4400 ಎಂಜಿನ್ನಿನ ಶಕ್ತಿ 4,400 ಅಶ್ವಶಕ್ತಿ. ಮೂರು ಎಂಜಿನ್ ಕಟ್ಟಿದರೂ ಟನ್ನಿಗೆ ಒಂದು ಅಶ್ವಶಕ್ತಿ ದಕ್ಕುವುದಿಲ್ಲ! ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ತಡೆ ಅಷ್ಟು ಕಡಿಮೆ. ಇಲ್ಲಿ ಡೀಸೆಲ್ ಯಂತ್ರ ಗಾಲಿಯನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ವಿದ್ಯುತ್ ತಯಾರಿಸುತ್ತದೆ, ಆರು ಅಚ್ಚುಗಳ ಎಸಿ ಮೋಟಾರುಗಳು ಎಳೆಯುತ್ತವೆ. ಭಾರ ಹೊತ್ತು ನಿಧಾನವಾಗಿ ಸಾಗುವಾಗಲೂ ಗಾಲಿ ಜಾರದಂತೆ ಹಿಡಿತ ಕಾಯುವುದು ಈ ಮೋಟಾರಿನ ಹೆಚ್ಚುಗಾರಿಕೆ. ಹುಬ್ಬಳ್ಳಿ ಶೆಡ್‌ನ ಡಬ್ಲ್ಯುಡಿಜಿ-4 ಎಂಜಿನ್‌ಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಅವೂ ಉತ್ತರ ಅಮೆರಿಕದ ವಿನ್ಯಾಸದ ಎಸಿ ಮೋಟಾರಿನ ಡೀಸೆಲ್‌ಗಳೇ.

ಇನ್ನು ನಿಲ್ಲಿಸುವ ವಿಚಾರ. ಹಲವರು ಎಡವುವುದು ಇಲ್ಲೇ. ಗಾಳಿಯ ಒತ್ತಡ ಹೆಚ್ಚಿಸಿದರೆ ಬ್ರೇಕ್ ಬೀಳುತ್ತದೆ ಎಂದುಕೊಂಡುಬಿಡುತ್ತಾರೆ. ನಡೆಯುವುದು ಅದರ ತಿರುವುಮುರುವು. ರೈಲಿನ ಉದ್ದಕ್ಕೂ ಹರಿಯುವ ಬ್ರೇಕ್ ಪೈಪಿನಲ್ಲಿ ಚದರ ಇಂಚಿಗೆ ಸುಮಾರು 90 ಪೌಂಡ್ ಒತ್ತಡದ ಗಾಳಿ ಸದಾ ತುಂಬಿರಬೇಕು. ಪ್ರತಿ ವ್ಯಾಗನ್ನಿನ ಅಡಿಯಲ್ಲಿ ಒಂದು ಗಾಳಿ ತೊಟ್ಟಿ ಇದ್ದು, ಅದು ಈ ಪೈಪಿನಿಂದಲೇ ತುಂಬಿಕೊಳ್ಳುತ್ತದೆ. ಚಾಲಕ ಪೈಪಿನ ಒತ್ತಡ ಇಳಿಸಿದೊಡನೆ ವ್ಯಾಗನ್ನಿನ ಕವಾಟ ಅದನ್ನು ಗ್ರಹಿಸಿ, ತೊಟ್ಟಿಯ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಬಿಡುತ್ತದೆ. ರೈಲು ತುಂಡಾಗಿ ಪೈಪು ಹರಿದರೂ ಬ್ರೇಕ್ ತಾನಾಗಿ ಬೀಳುತ್ತದೆ. ಅಮೆರಿಕದ ಸಂಶೋಧಕ ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದಲ್ಲಿ ರೂಪಿಸಿದ ಈ ಉಪಾಯದ ಮೂಲ ತತ್ವ ಇಂದಿಗೂ ಬದಲಾಗಿಲ್ಲ.

ಈಗ ಚಳಿಯನ್ನು ಸೇರಿಸಿ ನೋಡಿ. ಎರಡು ವ್ಯಾಗನ್‌ಗಳ ನಡುವೆ ಪೈಪನ್ನು ಬೆಸೆಯುವುದು ರಬ್ಬರ್ ಹೋಸ್. ಕೂಡುವ ಜಾಗದಲ್ಲಿ ರಬ್ಬರ್ ವಾಷರ್. ಕೊರೆಯುವ ಚಳಿಗೆ ವಾಷರ್ ಗಡಸಾಗಿ, ಸಂದಿಯಿಂದ ಗಾಳಿ ಸೋರತೊಡಗುತ್ತದೆ. ಒಂದೊಂದು ಸೋರಿಕೆ ಲೆಕ್ಕಕ್ಕೆ ಬಾರದಷ್ಟು ಸಣ್ಣದು, ಆದರೆ 120 ವ್ಯಾಗನ್‌ಗಳಲ್ಲಿ ಅಂಥ ಸಂದಿಗಳು ನೂರಕ್ಕೂ ಹೆಚ್ಚು. ತಲೆಯ ಎಂಜಿನ್ನಿನ ಕಂಪ್ರೆಸರ್ ಎಷ್ಟು ಊದಿದರೂ ಎರಡು ಕಿಲೋಮೀಟರ್ ಹಿಂದಿನ ಬಾಲಕ್ಕೆ ಸಾಕಷ್ಟು ಒತ್ತಡ ತಲುಪುವುದಿಲ್ಲ. ಪರಿಹಾರ ಎರಡೇ: ರೈಲನ್ನು ಗಿಡ್ಡ ಮಾಡುವುದು, ಇಲ್ಲವೇ ಗಾಳಿಯನ್ನು ಇನ್ನೊಂದು ಕಡೆಯಿಂದಲೂ ತುಂಬುವುದು. ನಡುವೆ ಅಥವಾ ಕೊನೆಯಲ್ಲಿ ಕಟ್ಟಿ, ಮುಂದಿನ ಚಾಲಕನೇ ರೇಡಿಯೊ ಮೂಲಕ ನಿಯಂತ್ರಿಸುವ ಎಂಜಿನ್ ಎಳೆತಕ್ಕೆ ಮಾತ್ರವಲ್ಲ, ಈ ಕೆಲಸಕ್ಕೂ ಬರುತ್ತದೆ. ಕೆನಡಿಯನ್ ನ್ಯಾಷನಲ್ ಕಂಪನಿ ಕಂಪ್ರೆಸರ್ ಕೂರಿಸಿದ ವ್ಯಾಗನ್‌ಗಳನ್ನೇ ಚಳಿಗಾಲದಲ್ಲಿ ರೈಲಿನೊಳಗೆ ಸೇರಿಸುತ್ತದೆ.

ರೈಲು ಇಷ್ಟು ಉದ್ದವೇಕಾಯಿತು? ಕುದುರೆ ಗಾಡಿಯಲ್ಲಿ ಗೋಧಿ ಬರುತ್ತಿದ್ದ ಕಾಲದಲ್ಲಿ ಎಂಟು–ಹತ್ತು ಮೈಲಿಗೊಂದು ನಿಲ್ದಾಣ, ಅಲ್ಲೊಂದು ಮರದ ಧಾನ್ಯ ಗೋದಾಮು ಇರುತ್ತಿತ್ತು. ಹೆಸರಿಟ್ಟು ಸುಸ್ತಾದವರೋ ಏನೋ, ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಎಂಬ ರೈಲು ಕಂಪನಿಯವರು ನಿಲ್ದಾಣಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಸರದಿಯಲ್ಲೇ ಹೆಸರು ಕೊಟ್ಟರು: ಫೆನ್‌ವುಡ್, ಗುಡೀವ್, ಹಬ್ಬರ್ಡ್, ಇಟ್ಯೂನಾ. ಈಗ ಆ ಸಣ್ಣ ಗೋದಾಮುಗಳಲ್ಲಿ ಹೆಚ್ಚಿನವು ಹೋಗಿ, ನೂರಕ್ಕೂ ಹೆಚ್ಚು ವ್ಯಾಗನ್‌ಗಳನ್ನು ಒಟ್ಟಿಗೆ ತುಂಬಿಸುವ ದೊಡ್ಡ ಕಾಂಕ್ರೀಟ್ ಗೋದಾಮುಗಳು ಬಂದಿವೆ.

ಸೋರಿಕೆ ಪೈಪಿನಲ್ಲಷ್ಟೇ ಅಲ್ಲ, ಬ್ರೇಕ್ ಸಿಲಿಂಡರಿನಲ್ಲೂ ಆಗುತ್ತದೆ. ಅದು ಇನ್ನೂ ಅಪಾಯಕಾರಿ. 2019ರ ಫೆಬ್ರವರಿ 4ರಂದು 112 ವ್ಯಾಗನ್ ಧಾನ್ಯ ಹೊತ್ತು ವ್ಯಾಂಕೂವರ್‌ನತ್ತ ಹೊರಟಿದ್ದ ರೈಲು ರಾಕಿ ಪರ್ವತದ ಫೀಲ್ಡ್ ಊರಿನ ಬಳಿ, ಕಡಿದಾದ ಇಳಿಜಾರಿನಲ್ಲಿ ತುರ್ತು ಬ್ರೇಕ್ ಹಾಕಿ ನಿಂತಿತ್ತು. ಸುಮಾರು ಮೈನಸ್ 28 ಡಿಗ್ರಿ ಚಳಿ. ಸುಮಾರು ಮೂರು ಗಂಟೆಗಳಲ್ಲಿ ಸಿಲಿಂಡರುಗಳ ಗಾಳಿ ಸೋರಿ ಹಿಡಿತ ಸಡಿಲವಾಯಿತು. ರೈಲು ತಾನಾಗಿ ಉರುಳಿತು. 99 ವ್ಯಾಗನ್ ಹಳಿ ತಪ್ಪಿದವು, ಮೂವರು ಸಿಬ್ಬಂದಿ ಸತ್ತರು. ಗಾಳಿಯನ್ನು ನೆಚ್ಚದ ಕೈಬ್ರೇಕ್ ಪ್ರತಿ ವ್ಯಾಗನ್ನಿನಲ್ಲೂ ಇತ್ತು, ಆದರೆ ಅಂದು ಅದನ್ನು ಬಿಗಿದಿರಲಿಲ್ಲ. ಅದೇ ವಾರ ಸರ್ಕಾರ ಆದೇಶ ಹೊರಡಿಸಿ, ಪರ್ವತದ ಇಳಿಜಾರಿನಲ್ಲಿ ತುರ್ತು ಬ್ರೇಕಿನಿಂದ ನಿಂತ ರೈಲಿಗೆ ಕೈಬ್ರೇಕ್ ಕಡ್ಡಾಯ ಮಾಡಿತು. ಕೈಬ್ರೇಕ್ ಎಂದರೆ ವ್ಯಾಗನ್ನಿನ ತುದಿಯಲ್ಲಿರುವ ಕಬ್ಬಿಣದ ಚಕ್ರ. ಸಿಬ್ಬಂದಿ ರೈಲಿನ ಪಕ್ಕದಲ್ಲಿ ನಡೆಯುತ್ತಾ ಅದನ್ನು ಒಂದೊಂದಾಗಿ ಕೈಯಿಂದಲೇ ತಿರುಗಿಸಿ ಬಿಗಿಯಬೇಕು.