ಕೊನೆ ಹತ್ತು ನಿಮಿಷ

ಮಧುಗಿರಿ ಕಡೆ ನಮ್ಮೂರಿನ ಟೆಂಟಿನಲ್ಲಿ ನೆಲದ ಟಿಕೆಟ್ ತಗೊಂಡು, ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತು ಸಿನಿಮಾ ನೋಡುತ್ತಿದ್ದ ಕಾಲ. ಒಂದು ರಾತ್ರಿ, ತೆರೆ ಮೇಲೆ ಜೈಲಿಂದ ಬಂದ ಮಗ ಮನೆ ಬಾಗಿಲು ತಟ್ಟಿದ. ತಾಯಿ ಎದ್ದು ಬಂದು ಅಗುಳಿಗೆ ಕೈ ಹಾಕಿದಳು. ಅಷ್ಟರಲ್ಲಿ ಜನರೇಟರ್ ಕೆಟ್ಟಿತು. ಅರ್ಧ ಗಂಟೆ ಕಾದೆವು. ಕಡಲೆಕಾಯಿ ಪೊಟ್ಟಣ ಖಾಲಿಯಾಯಿತು. 'ಇನ್ನೇನಿಲ್ಲ, ಹತ್ತು ನಿಮಿಷ ಇತ್ತು ಅಷ್ಟೇ' ಅಂತ ಟೆಂಟಿನವನು ಎಲ್ಲರನ್ನೂ ಕಳಿಸಿದ.

ದಾರಿಯುದ್ದಕ್ಕೂ ಆ ಹತ್ತು ನಿಮಿಷದ್ದೇ ಮಾತು. 'ಹೆತ್ತ ಕರುಳು, ಬಾಗಿಲು ತೆಗೀದೆ ಇರ್ತಾಳಾ?' ಅಂದರು ಅಜ್ಜಿ. 'ತೆಗೆದ್ರೆ ಅವಳು ಇಷ್ಟು ದಿನ ಪಟ್ಟಿದ್ದಕ್ಕೆ ಏನು ಬೆಲೆ?' ಅಂದರು ಮಾವ. ಇಬ್ಬರೂ ನೋಡಿದ್ದು ಒಂದೇ ಸಿನಿಮಾ. ಬಾಗಿಲು ತೆಗೆದರೆ ಅದು ಕ್ಷಮೆಯ ಕಥೆ, ತೆಗೆಯದಿದ್ದರೆ ಮಾನದ ಕಥೆ.

ಕೊನೆ ಅನ್ನೋದಕ್ಕೆ ಯಾಕಿಷ್ಟು ತೂಕ? 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಒಂದು ವಿಚಿತ್ರ ಪ್ರಯೋಗ ಪ್ರಕಟಿಸಿದರು. 14 ಡಿಗ್ರಿಯ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಇಡಬೇಕು. ಸಾಕಷ್ಟು ನೋಯುತ್ತದೆ. ಇನ್ನೊಂದು ಸಲ ಅದೇ ಒಂದು ನಿಮಿಷ, ಮೇಲೆ ಇನ್ನೂ 30 ಸೆಕೆಂಡು. ಆ 30 ಸೆಕೆಂಡಿನಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತದೆ. ಮತ್ತೊಮ್ಮೆ ಮಾಡುವುದಾದರೆ ಯಾವುದು ಬೇಕು ಎಂದು ಕೇಳಿದಾಗ 32 ಜನರಲ್ಲಿ 22 ಮಂದಿ ಉದ್ದದ್ದನ್ನೇ ಆರಿಸಿದರು. ನೋವು ಜಾಸ್ತಿ, ಆದರೂ ಅದೇ ಬೇಕು! ನೆನಪು ಗಡಿಯಾರ ನೋಡಿ ಲೆಕ್ಕ ಇಡುವುದಿಲ್ಲ. ತೀರಾ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ, ಈ ಎರಡಕ್ಕೇ ಹೆಚ್ಚು ಅಂಕ ಕೊಡುತ್ತದೆ.

ತಣ್ಣೀರೇ ಬೇರೆ, ಸಿನಿಮಾನೇ ಬೇರೆ, ನಿಜ. ಸಿನಿಮಾದ ಕೊನೆ ಹಿಂದಕ್ಕೆ ಹೋಗಿ ನಾವು ನೋಡಿದ್ದನ್ನೇ ಬದಲಾಯಿಸುತ್ತದೆ. 1972ರ 'ಬಂಗಾರದ ಮನುಷ್ಯ'ದಲ್ಲಿ ರಾಜೀವ ಬರಡು ನೆಲ ಹಸನು ಮಾಡಿ, ಅಕ್ಕನ ಮಕ್ಕಳನ್ನು ಸಾಕಿ, ಕೊನೆಗೆ ಮಾತಿನ ಪೆಟ್ಟು ತಿಂದು ಊರು ಬಿಟ್ಟು ಹೊರಟುಹೋಗುತ್ತಾನೆ. ಎಲ್ಲರೂ ತಪ್ಪೊಪ್ಪಿಕೊಂಡು ಅವನನ್ನು ಮನೆಗೆ ಕರೆತಂದಿದ್ದರೆ? ಒಂದು ಸಂಸಾರ ಸರಿಹೋದ ಕಥೆ, ಅಷ್ಟೇ. ಅವನು ತಿರುಗಿ ಬರಲಿಲ್ಲ, ಅದಕ್ಕೇ ಅವನು ಉತ್ತ ಹೊಲವೆಲ್ಲ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ.

ನೋಡಿದ್ದನ್ನು ನೆನಪಾಗಿ ಕಟ್ಟುವ ಕೆಲಸ ಮಿದುಳಿನಲ್ಲಿ ಯಾವಾಗ ನಡೆಯುತ್ತದೆ ಅನ್ನೋದಕ್ಕೂ ಒಂದು ಸುಳಿವಿದೆ. ಇಸ್ರೇಲಿನ ಮಿದುಳು ವಿಜ್ಞಾನಿಗಳಾದ ಆಯಾ ಬೆನ್-ಯಾಕೋವ್ ಮತ್ತು ಯಾದಿನ್ ದುದಾಯ್ ಪುಟ್ಟ ಪುಟ್ಟ ಸಿನಿಮಾ ತುಣುಕು ತೋರಿಸುತ್ತಾ ನೋಡುಗರ ಮಿದುಳನ್ನು ಸ್ಕ್ಯಾನ್ ಮಾಡಿದರು. ನೆನಪು ಕಟ್ಟುವ ಹಿಪೊಕ್ಯಾಂಪಸ್ ಚುರುಕಾಗಿದ್ದು ತುಣುಕು ಮುಗಿದ ತಕ್ಷಣ. ಯಾವ ತುಣುಕು ಮುಗಿದಾಗ ಅದು ಹೆಚ್ಚು ಚುರುಕಾಯಿತೋ, ಆ ತುಣುಕೇ ಆಮೇಲೆ ಹೆಚ್ಚು ನೆನಪಿತ್ತು. ಇದು 2011ರ ಮಾತು. ನಾವೋ, 'ಶುಭಂ' ಬೀಳೋ ಮೊದಲೇ ಸ್ಟ್ಯಾಂಡಿನಿಂದ ಗಾಡಿ ತೆಗೆಯೋಕೆ ಓಡುವವರು. ನಾಯಕ ಜನರ ಕಡೆ ತಿರುಗಿ ಭಾಷಣ ಶುರು ಮಾಡಿದರಂತೂ ಕತ್ತಲಲ್ಲಿ ಚಪ್ಪಲಿ ಹುಡುಕುತ್ತೇವೆ. ನಾನೂ ಅವರಲ್ಲೊಬ್ಬ.

ಅರ್ಧಕ್ಕೆ ನಿಂತ ಕೆಲಸ ಹೆಚ್ಚು ನೆನಪಿರುತ್ತದೆ ಎಂದು 1927ರಲ್ಲಿ ಮನಶ್ಶಾಸ್ತ್ರಜ್ಞೆ ಬ್ಲೂಮಾ ಜೈಗಾರ್ನಿಕ್ ಬರೆದರು. ಆಮೇಲಿನ ಪ್ರಯೋಗಗಳಲ್ಲಿ ಅದು ಪ್ರತಿ ಸಲ ಸಿಕ್ಕಿಲ್ಲ. ಬಿಟ್ಟ ಕೆಲಸವನ್ನು ಮತ್ತೆ ಎತ್ತಿಕೊಳ್ಳುವ ಚಪಲ ಮಾತ್ರ ಗಟ್ಟಿ. 1928ರಲ್ಲಿ ಅದನ್ನು ತೋರಿಸಿದವರು ಮರಿಯಾ ಒವ್ಸಿಯಾಂಕಿನಾ.

ನನ್ನದೂ ಅದೇ ಚಪಲ. ಆ ಸಿನಿಮಾ ಈಚೆಗೆ ಮೊಬೈಲಿನಲ್ಲಿ ಸಿಕ್ಕಿತು. ಸೀದಾ ಕೊನೆಗೇ ಎಳೆದೆ. ಅಜ್ಜಿ ಈಗಿಲ್ಲ. ಮಾವನಿಗೆ ಫೋನ್ ಮಾಡಿದೆ.

'ಬಾಗಿಲು ತೆಗೆದ್ಲು ಮಾವ.'

'ಹೌದಾ?' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ತೆಗೀಬಾರ್ದಿತ್ತು ಕಣೋ.'