ಡಿಗ್ರಿ ಮುಗಿದರೂ ಬಿಡದ ನಂಟು: ಲ್ಯಾಟಿನೊ ಫ್ರಟರ್ನಿಟಿಗಳ ಹಿಂದಿನ ಕಥೆ

ಅಮೆರಿಕದ ಕಾಲೇಜು ಸಿನಿಮಾ ನೋಡಿದವರಿಗೆ ಫ್ರಟರ್ನಿಟಿ (ಕಾಲೇಜು ಹುಡುಗರ ಸಂಘ) ಅಂದರೆ ದೊಡ್ಡ ಬಂಗಲೆ, ಬಿಯರ್, ರಾತ್ರಿಯಿಡೀ ಗಲಾಟೆ. ನಾಲ್ಕು ವರ್ಷ ಮಜಾ, ಆಮೇಲೆ ಅವರವರ ದಾರಿ ಅವರಿಗೆ. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಫ್ರಟರ್ನಿಟಿಗಳ ಲೆಕ್ಕವೇ ಬೇರೆ. ಹೆಚ್ಚಿನವಕ್ಕೆ ಸ್ವಂತ ಮನೆಯೇ ಇಲ್ಲ. ಎಷ್ಟೋ ಕ್ಯಾಂಪಸ್‌ಗಳಲ್ಲಿ ಬೆರಳೆಣಿಕೆಯ ಹುಡುಗರು ಸೇರಿದರೆ ಅದೇ ಒಂದು ಶಾಖೆ. ಆದರೆ ಕಾಲೇಜು ಬಿಟ್ಟು ಎಷ್ಟೋ ವರ್ಷವಾದವರೂ ಚಂದಾ ಕಟ್ಟುತ್ತಾರೆ, ಸಭೆಗೆ ಬರುತ್ತಾರೆ, ಹೊಸ ಹುಡುಗನ ರೆಸ್ಯೂಮೆ ತಿದ್ದಿಕೊಡುತ್ತಾರೆ. ಓದು ಮುಗಿದ ಮೇಲೂ ಇವರನ್ನು ಹಿಡಿದಿಟ್ಟಿರುವುದು ಏನು?

ಕಥೆ ಶುರುವಾಗುವುದು 1898ರಲ್ಲಿ, ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ರೆನ್ಸಲಿಯರ್ ಪಾಲಿಟೆಕ್ನಿಕ್ ಕಾಲೇಜಿನಲ್ಲಿ. ಎಂಜಿನಿಯರಿಂಗ್ ಓದಲು ಬಂದಿದ್ದ ಲ್ಯಾಟಿನ್ ಅಮೆರಿಕದ ಹುಡುಗರು ಅಲ್ಲಿ 'ಯೂನಿಯನ್ ಹಿಸ್ಪಾನೊ ಅಮೆರಿಕಾನಾ' ಕಟ್ಟಿಕೊಂಡರು. ಇವರು ಬಡವರ ಮಕ್ಕಳಲ್ಲ. ಓದು ಮುಗಿಸಿ ವಾಪಸ್ ಹೋಗಿ ತಮ್ಮ ದೇಶಗಳಲ್ಲಿ ದೊಡ್ಡ ಜಾಗದಲ್ಲಿ ಕೂರಬೇಕಾದ ಮನೆತನಗಳವರು. ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲೂ ಇಂಥದ್ದೇ ಒಂದು ಸಂಘ ಹುಟ್ಟಿ, 1912ರಲ್ಲಿ 'ಸಿಗ್ಮಾ ಅಯೋಟ' ಆಯಿತು. ಬೇರೆ ಬೇರೆ ಎಳೆಗಳು ಸೇರಿ 1931ರ ಡಿಸೆಂಬರ್‌ನಲ್ಲಿ ಟ್ರಾಯ್‌ನಲ್ಲೇ 'ಫೈ ಅಯೋಟ ಆಲ್ಫಾ' ಹುಟ್ಟಿತು. ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಸಿಮೋನ್ ಬೊಲಿವಾರ್ ಕಂಡಿದ್ದ ಒಂದಾದ ಲ್ಯಾಟಿನ್ ಅಮೆರಿಕದ ಕನಸೇ ಇವರ ಕನಸು. ಅಂದರೆ ನಂಟಿನ ಉಪಯೋಗ ಇದ್ದದ್ದೇ ಓದು ಮುಗಿದ ಮೇಲೆ: ಒಬ್ಬ ವೆನೆಜುವೆಲಾದಲ್ಲಿ, ಇನ್ನೊಬ್ಬ ಕ್ಯೂಬಾದಲ್ಲಿ, ನಡುವೆ ಕಾಗದಪತ್ರ.

ಇದನ್ನು ಪಕ್ಕಾ ವ್ಯವಸ್ಥೆ ಮಾಡಿದವರು ಪೋರ್ಟೊ ರಿಕೊದವರು. ಅಲ್ಲಿ 1928ರಲ್ಲಿ ಶುರುವಾದ 'ಫೈ ಸಿಗ್ಮಾ ಆಲ್ಫಾ' ಸಂಘಕ್ಕೆ ವಿಶ್ವವಿದ್ಯಾಲಯದ ಶಾಖೆಗಳು ಬೇರೆ, ಊರಿನ ಶಾಖೆಗಳು ಬೇರೆ. ಊರಿನವಕ್ಕೆ 'ನಾಗರಿಕರ ಶಾಖೆ' ಅಂತಲೇ ಕರೆಯುತ್ತಾರೆ. ಹುಡುಗ ಪದವಿ ಮುಗಿಸಿ ಊರಿಗೆ ಬಂದರೆ ಅಲ್ಲಿನ ಶಾಖೆಗೆ ಸೇರುತ್ತಾನೆ. ವಕೀಲ, ಡಾಕ್ಟರ್, ವ್ಯಾಪಾರಿ ಎಲ್ಲರೂ ಅಲ್ಲೇ ಸಿಗುತ್ತಾರೆ. ಮದುವೆ, ತಿಥಿ, ಚುನಾವಣೆ, ಏನೇ ಇರಲಿ, ಜನ ಜೊತೆಗಿರುತ್ತಾರೆ.

ಅಮೆರಿಕದ ನೆಲದಲ್ಲಿ ಮಾತ್ರ ಹಳೆಯ ಸಂಘ ಸೊರಗಿತು. 70ರ ದಶಕದ ಹೊತ್ತಿಗೆ ಫೈ ಅಯೋಟ ಆಲ್ಫಾ ಹೆಚ್ಚುಕಮ್ಮಿ ನಿಂತೇಹೋಗಿತ್ತು. ಮತ್ತೆ ಜೀವ ಬಂದದ್ದು 1984ರಲ್ಲಿ. ಅಷ್ಟರಲ್ಲಿ ಕಾಲೇಜಿಗೆ ಬರುವ ಹುಡುಗರೇ ಬದಲಾಗಿದ್ದರು.

1967ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್ ನಗರದಲ್ಲಿ ದೊಡ್ಡ ಗಲಭೆಯಾಯಿತು. ಮರುವರ್ಷವೇ ರಾಜ್ಯ ಸರ್ಕಾರ ಬಡ ಮಕ್ಕಳಿಗೆ ಕಾಲೇಜು ಓದಲು ಒಂದು ನಿಧಿ ಶುರುಮಾಡಿತು. ನ್ಯೂಯಾರ್ಕ್‌ನಲ್ಲಿ ವಿದ್ಯಾರ್ಥಿಗಳು ಹೋರಾಡಿದ ಮೇಲೆ 1970ರಲ್ಲಿ ಅಲ್ಲಿನ ನಗರ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಈಗ ಒಳಗೆ ಬಂದವರು ಫ್ಯಾಕ್ಟರಿ ಕೆಲಸಗಾರರ, ಹೋಟೆಲ್ ಅಡುಗೆಯವರ ಮಕ್ಕಳು. ಎಷ್ಟೋ ಜನರ ಮನೆಯಲ್ಲಿ ಕಾಲೇಜಿನ ಮುಖ ನೋಡಿದವರೇ ಇರಲಿಲ್ಲ. ಸೀಟೇನೋ ಸಿಕ್ಕಿತು. ಆದರೆ ಯಾವ ಪ್ರೊಫೆಸರ್ ಹತ್ತಿರ ಹೇಗೆ ಮಾತಾಡಬೇಕು, ಇಂಟರ್ನ್‌ಶಿಪ್‌ಗೆ ಯಾವಾಗ ಅರ್ಜಿ ಹಾಕಬೇಕು, ಸಂಬಳ ಎಷ್ಟು ಕೇಳಬೇಕು? ಅಪ್ಪ ಅಮ್ಮನಿಗೆ ಗೊತ್ತಿಲ್ಲ. ಗೊತ್ತಿದ್ದವರ ಮಕ್ಕಳು ಹಳೆಯ ಬಿಳಿಯರ ಫ್ರಟರ್ನಿಟಿಗಳಲ್ಲಿದ್ದರು.

1975ರ ಡಿಸೆಂಬರ್ 1ರಂದು ನ್ಯೂಜೆರ್ಸಿಯ ಕೀನ್ ಕಾಲೇಜಿನಲ್ಲಿ 14 ಜನ ಸೇರಿ 'ಲ್ಯಾಂಬ್ಡಾ ಥೀಟಾ ಫೈ' ಕಟ್ಟಿದರು. ಅದೇ ತಿಂಗಳು, ಅದೇ ಕಾಲೇಜಿನಲ್ಲಿ ಹುಡುಗಿಯರ 'ಲ್ಯಾಂಬ್ಡಾ ಥೀಟಾ ಆಲ್ಫಾ' ಶುರುವಾಯಿತು. ಆಮೇಲೆ ಬೇರೆ ವಿಶ್ವವಿದ್ಯಾಲಯಗಳಲ್ಲೂ ಇಂಥ ಸಂಘಗಳು ಸಾಲುಸಾಲಾಗಿ ಬಂದವು: 1979ರಲ್ಲಿ ರಟ್ಗರ್ಸ್, 1982ರಲ್ಲಿ ಕಾರ್ನೆಲ್, 1986ರಲ್ಲಿ ಅಯೋವಾ, 1987ರಲ್ಲಿ ಟೆಕ್ಸಾಸ್ ಟೆಕ್. 1998ರಲ್ಲಿ ಲ್ಯಾಟಿನೊ ಸಂಘಗಳದೇ ಒಂದು ರಾಷ್ಟ್ರೀಯ ಒಕ್ಕೂಟವೂ ಆಯಿತು.

ಜೀವನಪೂರ್ತಿ ಸದಸ್ಯತ್ವ ಅನ್ನುವ ಪಾಠ ಇವರ ಕಣ್ಣ ಮುಂದೆಯೇ ಇತ್ತು. ಕಪ್ಪು ಜನರ ಮೊದಲ ಕಾಲೇಜು ಫ್ರಟರ್ನಿಟಿಗಳಲ್ಲಿ ಒಂದಾದ 'ಆಲ್ಫಾ ಫೈ ಆಲ್ಫಾ' 1906ರಲ್ಲಿ ಹುಟ್ಟಿದ್ದು ಅದೇ ಕಾರ್ನೆಲ್‌ನಲ್ಲಿ. ಐದೇ ವರ್ಷಕ್ಕೆ, ಅಂದರೆ 1911ರಲ್ಲಿ, ಲೂಯಿವಿಲ್ ನಗರದಲ್ಲಿ ಪದವೀಧರರಿಗಾಗಿಯೇ ಅದರ ಶಾಖೆ ತೆರೆಯಿತು. ಕಪ್ಪು ವಕೀಲರನ್ನು, ಡಾಕ್ಟರುಗಳನ್ನು ಬಿಳಿಯರ ವೃತ್ತಿ ಸಂಘಗಳು ಹತ್ತಿರ ಸೇರಿಸದ ಕಾಲ ಅದು. ತಮ್ಮದೇ ಸಂಘ ಇಟ್ಟುಕೊಳ್ಳದೆ ಗತಿ ಇರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಕೂಡ ಇದಕ್ಕೆ ಸೇರಿದ್ದು ಡಿಗ್ರಿ ಮುಗಿಸಿ ಬಾಸ್ಟನ್‌ನಲ್ಲಿ ಡಾಕ್ಟರೇಟ್ ಓದುವಾಗ.

ಇನ್ನು ಲಾಭದ ಮಾತು. ಮೊದಲು ನೆನಪಾಗುವುದು ಕೆಲಸ, ಅಲ್ವಾ? ನ್ಯೂಯಾರ್ಕ್ ರಾಜ್ಯದ ಒಂದೇ ಕಾಲೇಜಿನ ಹಳೆ ವಿದ್ಯಾರ್ಥಿಗಳ ಮೇಲೆ ಅರ್ಥಶಾಸ್ತ್ರಜ್ಞರು ನಡೆಸಿದ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಫ್ರಟರ್ನಿಟಿ ಸೇರಿದವರ ಅಂಕ ಕಾಲು ಪಾಯಿಂಟ್ ಇಳಿದರೂ, ಮುಂದಿನ ಆದಾಯ ಸುಮಾರು 36% ಜಾಸ್ತಿಯಾಗಿತ್ತು ಅನ್ನುತ್ತದೆ ಅದು. ಆದರೆ ಇದು ಸಾಮಾನ್ಯ ಫ್ರಟರ್ನಿಟಿಗಳ ಲೆಕ್ಕ. ಅಲ್ಲಿ ಅಪ್ಪನ ಪರಿಚಯಗಳೂ ಜೊತೆಗೆ ಬರುತ್ತವೆ. ಸುಮ್ನೆ ಅದನ್ನೇ ತಂದು ಲ್ಯಾಟಿನೊ ಹುಡುಗರಿಗೆ ಅಂಟಿಸುವುದು ಸರಿಯಲ್ಲ. ಅಪ್ಪನ ಪರಿಚಯ ಇಲ್ಲದವನಿಗೆ ಸಂಘದ ಹಿರಿಯನೇ ಆ ಜಾಗ ತುಂಬಬೇಕು. ಅದಕ್ಕೇ ಇಲ್ಲಿ ಹಿರಿಯರು ಸಕ್ರಿಯವಾಗಿದ್ದರೆ ಮಾತ್ರ ಲಾಭ. ಕಾಲೇಜು ಬಿಟ್ಟ ದಿನವೇ ಎಲ್ಲರೂ ಕಳಚಿಕೊಂಡರೆ ಮುಂದಿನ ಹುಡುಗನಿಗೆ ಸಿಗುವುದು ಸಂಘದ ಹೆಸರಿರುವ ಒಂದು ಜಾಕೆಟ್ ಮಾತ್ರ.

ನನ್ನ ಪ್ರಕಾರ ಕೆಲಸಕ್ಕಿಂತ ದೊಡ್ಡ ಲಾಭ ಬೇರೆ. 25 ದಾಟಿದ ಗಂಡಸರಿಗೆ ಹೊಸ ಗೆಳೆಯರು ಸಿಗುವುದು ಕಷ್ಟ. 2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರಿಗೆ ಕಂಡದ್ದು ಇದು: ಗಟ್ಟಿ ನಂಟು ಇರುವವರು ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು 50% ಹೆಚ್ಚು. 2023ರಲ್ಲಿ ಅಮೆರಿಕದ ಅಂದಿನ ಸರ್ಜನ್ ಜನರಲ್ (ದೇಶದ ಮುಖ್ಯ ಆರೋಗ್ಯಾಧಿಕಾರಿ) ವಿವೇಕ್ ಮೂರ್ತಿ ಒಂಟಿತನವನ್ನೇ ಒಂದು ಆರೋಗ್ಯ ಸಮಸ್ಯೆ ಎಂದು ಎಚ್ಚರಿಸಿದರು. (ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದವರು ಅನ್ನುವುದನ್ನು ಹೇಳದೆ ಇರಲಾಗದು.) ಕೆಲಸಕ್ಕಾಗಿ ಚಿಕಾಗೊದಿಂದ ಹ್ಯೂಸ್ಟನ್‌ಗೆ ಹೋದವನು ಅಲ್ಲಿನ ಪದವೀಧರರ ಶಾಖೆಗೆ ಒಂದು ಫೋನ್ ಮಾಡಿದರೆ ಸಾಕು. ಮನೆ ಸಾಮಾನು ಇಳಿಸಲು ಗುರುತೇ ಇಲ್ಲದ ನಾಲ್ಕು ಜನ 'ಎರ್ಮಾನೊ', ಅಂದರೆ ಸ್ಪ್ಯಾನಿಷ್‌ನಲ್ಲಿ ಅಣ್ಣ ತಮ್ಮ, ಅಂತ ಕರೆಯುತ್ತಾ ಬರುತ್ತಾರೆ. ಇಂಥದ್ದನ್ನು ಸಂಬಳದ ಲೆಕ್ಕದಲ್ಲಿ ತೋರಿಸಲಾಗದು.

ಎಲ್ಲವೂ ಚಂದ ಅಂತಲ್ಲ. ಹೊಸಬರನ್ನು ಗೋಳುಹುಯ್ದುಕೊಳ್ಳುವ ಪಿಡುಗು ಎಲ್ಲ ಬಗೆಯ ಫ್ರಟರ್ನಿಟಿಗಳಿಗೂ ಅಂಟಿದೆ. ಹಳಬರು 'ನಮ್ಮ ಕಾಲದಲ್ಲಿ ಹೀಗಿತ್ತು' ಅಂತ ಕುಮ್ಮಕ್ಕು ಕೊಟ್ಟರೆ ಅದು ಇನ್ನೂ ಕೆಡುತ್ತದೆ. ಅದೇ ಹಳಬರು ಕಣ್ಣಿಟ್ಟು ತಡೆದರೆ ನಿಲ್ಲುತ್ತದೆ. ದುಡ್ಡಿನ ವಿಷಯದಲ್ಲಂತೂ ಅವರು ಬೇಕೇ ಬೇಕು. ಆರೇಳು ವಿದ್ಯಾರ್ಥಿಗಳ ಚಂದಾದಲ್ಲಿ ಸ್ಕಾಲರ್‌ಶಿಪ್ ನಡೆಯಲ್ಲ.

1970ರಲ್ಲಿ ಅಮೆರಿಕದಲ್ಲಿ ಲ್ಯಾಟಿನೊ ಜನ 96 ಲಕ್ಷ ಇದ್ದರು. 2020ರಲ್ಲಿ 6.21 ಕೋಟಿ. ಕೀನ್ ಕಾಲೇಜಿನ ಆ ಪೀಳಿಗೆಗೆ ಈಗ 70ರ ಆಸುಪಾಸು. ಅಂದು ಸಂಬಳ ಎಷ್ಟು ಕೇಳಬೇಕು ಅಂತ ತಿಳಿಯದೆ ಒದ್ದಾಡಿದವರಿಗೆ ಈಗ ಪಿಂಚಣಿ, ಮಂಡಿನೋವು, ಮೊಮ್ಮಕ್ಕಳ ಕಾಲೇಜು ಫೀಸಿನ ಮಾತು. ಅವರ ಮೊಮ್ಮಕ್ಕಳಿಗೆ ಕೇಳಲು ಮನೆಯಲ್ಲೇ ಜನರಿದ್ದಾರೆ. ಈ ವರ್ಷ ಹೊಸದಾಗಿ ಕ್ಯಾಂಪಸ್‌ಗೆ ಬಂದ ಎಷ್ಟೋ ಹುಡುಗರಿಗೆ ಇನ್ನೂ ಇಲ್ಲ.